ಕವಣೆ ಕಲ್ಲು, ಬೇರುಹುಳ

ಜೋಳದ ಹೊಲದಾಗ ಮಂಚಿಕೆ ಹತ್ತಿ ಕವಣೆ ಬೀಸಿದರೆ ಹಕ್ಕಿ ಹಾರ್ತಾವ. ಬೇರಿಗೆ ಹತ್ತಿದ ಹುಳ ಸಾಯಂಗಿಲ್ಲ. ಪರದೇಶದ ಡ್ರೋನ್ ನಂಬಿ ಕುಂತ ಸರ್ಕಾರಗಳ ಗತಿಯೂ ಇಷ್ಟೇ.

ಯೆಮನ್‌ನಲ್ಲಿ ಅಮೆರಿಕದ ಡ್ರೋನ್ ದಾಳಿ ಶುರುವಾದದ್ದು 2002ರಲ್ಲಿ, ಅಲ್ ಖೈದಾ ಮೇಲೆ. 2014ರ ಸೆಪ್ಟೆಂಬರಿನಲ್ಲಿ ರಾಜಧಾನಿ ಸನಾ ಹಿಡಿದವರು ಹೂತಿಗಳು. ಕವಣೆ ಬೀಸಿದ್ದು ಒಂದು ಕಡೆ, ಪೈರು ಹೋದದ್ದು ಇನ್ನೊಂದು ಕಡೆ. ಅಫ್ಘಾನಿಸ್ತಾನದಲ್ಲಿ ಇಪ್ಪತ್ತು ವರ್ಷ ವಿದೇಶಿ ಕಾವಲಿತ್ತು. ಆ ಸೈನ್ಯ ಹೊರಡುತ್ತಿದ್ದಂತೆಯೇ, 2021ರ ಆಗಸ್ಟ್ 15ಕ್ಕೆ, ಕಾಬೂಲ್ ಬಿತ್ತು. ಎಷ್ಟೋ ಹಳ್ಳಿಗಳಲ್ಲಿ ಜಮೀನಿನ ತಕರಾರು ತೀರಿಸುವವರು ಅದಕ್ಕೂ ಮೊದಲೇ ತಾಲಿಬಾನರಾಗಿದ್ದರು. ಅದೇ ತಿಂಗಳು 29ಕ್ಕೆ ಕಾಬೂಲಿನ ಡ್ರೋನ್ ದಾಳಿಯಲ್ಲಿ ಸತ್ತ ಹತ್ತೂ ಮಂದಿ ಅಮಾಯಕರು, ಅದರಾಗ ಏಳು ಮಕ್ಕಳು. ತಪ್ಪಾಯಿತೆಂದು ಅಮೆರಿಕವೇ ಒಪ್ಪಿತು.

ಈ ಪಾಠ ನಮ್ಮ ನೆಲದಾಗೂ ಅದ. 1948ರ ಸೆಪ್ಟೆಂಬರ್ 13ಕ್ಕೆ ಸೋಲಾಪುರದ ಕಡೆಯಿಂದ ಹೊರಟ ಭಾರತದ ಸೈನ್ಯ ಹುಮನಾಬಾದ್, ಜಹೀರಾಬಾದ್ ದಾರಿ ಹಿಡಿಯಿತು. ರಜಾಕಾರರ ಬಂದೂಕು ನಂಬಿದ್ದ ನಿಜಾಮ ಸರ್ಕಾರ ಐದೇ ದಿನದಾಗ ಮಣಿಯಿತು. ಆದರೆ ತೆಲಂಗಾಣದ ರೈತರ ಸಶಸ್ತ್ರ ಹೋರಾಟ ನಿಂತದ್ದು 1951ರ ಅಕ್ಟೋಬರಿನಲ್ಲಿ. ನಡುವೆ ಸೈನ್ಯದ ಬಿಗಿ ಇತ್ತು, ಖರೆ. ಜೊತೆಗೆ 1949ರಲ್ಲಿ ಜಹಗೀರು ರದ್ದಾಯಿತು, 1950ರಲ್ಲಿ ಕೌಲುದಾರರಿಗೆ ಕಾಯ್ದೆ ಬಂತು.

ಡ್ರೋನ್ ಒಬ್ಬ ಮುಖಂಡನನ್ನು ಕೊಲ್ಲಬಹುದು, ಸರ್ಕಾರಕ್ಕೆ ನಾಲ್ಕು ದಿನ ಉಸಿರು ಕೊಡಬಹುದು. ಪಹಣಿ ಬರೆದು ಕೊಡಲಾರದು, ನ್ಯಾಯ ಹೇಳಲಾರದು. ಆ ನಾಲ್ಕು ದಿನದಾಗ ಹಳ್ಳಿಯ ಹೊಸ್ತಿಲಿಗೆ ಬರದ ಸರ್ಕಾರವನ್ನು ಆಕಾಶ ಕಾಯಂಗಿಲ್ಲ.