ಸೈಕಲ್ ಕೊಟ್ಟ ಸರಕಾರ ದಾರಿಯನ್ನೂ ಕೊಡಲಿ

ಫುಟ್‌ಪಾತಿನಲ್ಲಿ ನಿರ್ಭಯವಾಗಿ ನಡೆಯುವುದು ಸಂವಿಧಾನದ 21ನೇ ವಿಧಿಯಡಿ ಪ್ರಜೆಯ ಹಕ್ಕು ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಸ್ಪಷ್ಟವಾಗಿ ಹೇಳಿದೆ. ಪಾದಚಾರಿಗಳಿಗೆ ತಕ್ಕ ಫುಟ್‌ಪಾತ್ ಒದಗಿಸುವ ಬಗ್ಗೆ ಮಾರ್ಗಸೂಚಿ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ನಿರ್ದೇಶನ ನೀಡಿದೆ. ತೀರ್ಪು ಸ್ವಾಗತಾರ್ಹ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕು ಕಾಗದದ ಮೇಲೆ ಇದ್ದರೆ ಸಾಲದು, ಅದಕ್ಕೆ ಬಜೆಟಿನಲ್ಲಿ ಹಣವೂ ಇರಬೇಕು. ಆ ಹಣ ಎಲ್ಲಿಂದ ಬರುತ್ತದೆ, ಯಾವ ಬಾಬ್ತಿಗೆ ಖರ್ಚಾಗುತ್ತದೆ ಎಂದು ಕೇಳುವವರು ಕಡಿಮೆ. ಹೊರನಾಡಿನ ಕನ್ನಡಿಗರೂ ಈ ಪ್ರಶ್ನೆಯನ್ನು ಕೇಳಬೇಕಾದ ಕಾಲ ಬಂದಿದೆ.

ಕೋಲ್ಕತಾದ ದಕ್ಷಿಣ ಭಾಗದಲ್ಲಿರುವ ಕಸ್ಬಾ ಬಡಾವಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಬಾಲಿಗಂಜ್ ರೈಲು ನಿಲ್ದಾಣದ ಪಕ್ಕದ ಬಿಜನ್ ಸೇತು ದಾಟಿದರೆ ಕಸ್ಬಾ. ಅಲ್ಲಿಂದ ರಾಸ್‌ಬಿಹಾರಿ ಕನೆಕ್ಟರ್ ರಸ್ತೆ ಪೂರ್ವದ ಇ.ಎಂ. ಬೈಪಾಸಿನ ರೂಬಿ ಜಂಕ್ಷನ್‌ವರೆಗೆ ಸಾಗುತ್ತದೆ. ಬೋಸ್‌ಪುಕುರ್, ರಥ್‌ತಲಾ ಮುಂತಾದ ಕಡೆ ಹಳೆಯ ಮನೆಗಳ ಜಾಗದಲ್ಲಿ ಬಹುಮಹಡಿ ಕಟ್ಟಡಗಳು ಎದ್ದಿವೆ. 2015ರಲ್ಲಿ ದೊಡ್ಡ ಮಾಲ್ ಬಂತು. 2024ರ ಮಾರ್ಚ್‌ನಲ್ಲಿ ರೂಬಿ ಬಳಿಯ ಹೇಮಂತ ಮುಖೋಪಾಧ್ಯಾಯ ನಿಲ್ದಾಣಕ್ಕೆ ಮೆಟ್ರೋ ರೈಲೂ ಬಂತು. ಬಾರದೇ ಉಳಿದದ್ದು ನಡೆಯುವವರಿಗೆ ಬೇಕಾದ ದಾರಿ ಮಾತ್ರ.

ಇಲ್ಲಿ ನಡೆಯುವವರು ಯಾರು? ಕ್ಯಾನಿಂಗ್ ಕಡೆಯ ಲೋಕಲ್ ರೈಲಿನಲ್ಲಿ ಬಂದು ಬಾಲಿಗಂಜ್‌ನಲ್ಲಿ ಇಳಿಯುವ ಮನೆಗೆಲಸದ ಹೆಂಗಸರು, ಹಾಲು ಮತ್ತು ಪತ್ರಿಕೆ ಹಂಚುವ ಹುಡುಗರು, ಮೀನು ತರಕಾರಿ ಮಾರುವವರು, ಶಾಲೆಯ ಮಕ್ಕಳು, ಸಂಜೆ ವಾಯುವಿಹಾರಕ್ಕೆ ಹೊರಡುವ ನಿವೃತ್ತರು. ಬಾಳೆ ಎಲೆ, ತೆಂಗಿನಕಾಯಿ, ಕಾಫಿ ಪುಡಿಗೆಂದು ಲೇಕ್ ಮಾರ್ಕೆಟಿಗೆ ಹೋಗುವ ದಕ್ಷಿಣ ಭಾರತೀಯ ಕುಟುಂಬಗಳ ಹಿರಿಯರೂ ಇವರಲ್ಲಿ ಸೇರಿದ್ದಾರೆ. ಒಳರಸ್ತೆಗಳಲ್ಲಿ ಫುಟ್‌ಪಾತ್ ಎಂಬುದು ಎಲ್ಲೋ ಶುರುವಾಗಿ ಎಲ್ಲೋ ಮುಗಿಯುತ್ತದೆ. ನಡುವೆ ವಿದ್ಯುತ್ ಕಂಬ, ಮರಳು ರಾಶಿ, ನಿಲ್ಲಿಸಿದ ಬೈಕು. ಮಳೆಗಾಲದಲ್ಲಂತೂ ನೀರಿನ ಅಡಿಯಲ್ಲಿ ಹೊಂಡ ಎಲ್ಲಿದೆ ಎಂದು ಊಹಿಸಿ ಹೆಜ್ಜೆ ಇಡಬೇಕು. ಎಪ್ಪತ್ತು ದಾಟಿದವರು ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಮತ್ತೆ ಮನೆಯಿಂದ ಹೊರಗೆ ಬರುವುದೇ ಕಷ್ಟ. ಸಂಘದ ಕಾರ್ಯಕ್ರಮಗಳಲ್ಲಿ ಹಿರಿಯ ಸದಸ್ಯರ ಹಾಜರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಅದಕ್ಕೆ ವಯಸ್ಸೊಂದೇ ಕಾರಣವಲ್ಲ, ದಾರಿಯೂ ಕಾರಣ.

ಇದು ಕಸ್ಬಾದ ಗೋಳು ಮಾತ್ರವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1.68 ಲಕ್ಷ ಮಂದಿ. ಇವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಪಾದಚಾರಿಗಳು. ಅಂದರೆ ಸತ್ತ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಯಾವ ವಾಹನವನ್ನೂ ಏರದೆ ಬರಿಗಾಲಲ್ಲಿ ಹೊರಟವರು.

ಸೈಕಲ್ ಸವಾರರ ಕಥೆ ಇನ್ನೂ ವಿಚಿತ್ರ. ಕೋಲ್ಕತಾ ಪೊಲೀಸರು 2008ರಿಂದಲೇ ಕೆಲವು ಮುಖ್ಯರಸ್ತೆಗಳಲ್ಲಿ ಸೈಕಲ್ ಸಂಚಾರ ನಿರ್ಬಂಧಿಸತೊಡಗಿದರು. 2013ರಲ್ಲಿ ಈ ಪಟ್ಟಿ 174 ರಸ್ತೆಗಳಿಗೆ ಬೆಳೆಯಿತು. ಜನರ ಪ್ರತಿಭಟನೆಯ ನಂತರ 62 ರಸ್ತೆಗಳಿಗೆ ಇಳಿಯಿತು. 2020ರಲ್ಲಿ ಕೋವಿಡ್ ಬಂದು ಬಸ್ಸು, ರೈಲು ನಿಂತಾಗ ಇದೇ ಸೈಕಲ್ ನಗರದ ಕೈಹಿಡಿಯಿತು. ಆಗ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಅವರ ಸೂಚನೆಯಂತೆ ಪೊಲೀಸರು ನಿರ್ಬಂಧ ಸಡಿಲಿಸಿದರು. ಆದರೆ ಸಡಿಲಿಕೆ ಬೇರೆ, ಹಕ್ಕು ಬೇರೆ. ಕಷ್ಟಕಾಲದಲ್ಲಿ ಕರೆದು, ಕಷ್ಟ ತೀರಿದ ಮೇಲೆ ಮರೆಯುವುದು ನ್ಯಾಯವಲ್ಲ.

ವಿಪರ್ಯಾಸವೆಂದರೆ, ಇದೇ ಪಶ್ಚಿಮ ಬಂಗಾಳ ಸರಕಾರ 2015ರಿಂದ 'ಸಬುಜ್ ಸಾಥಿ' ಯೋಜನೆಯಡಿ ಸರಕಾರಿ ಮತ್ತು ಅನುದಾನಿತ ಶಾಲೆಗಳ 9ರಿಂದ 12ನೇ ತರಗತಿಯ ವಿದ್ಯಾರ್ಥಿಗಳಿಗೆ ಸೈಕಲ್ ಕೊಡುತ್ತಾ ಬಂದಿದೆ. ಹೀಗೆ ಹಂಚಿದ ಸೈಕಲ್‌ಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಕರ್ನಾಟಕವೂ 2006-07ರಲ್ಲೇ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ನೀಡಲು ಆರಂಭಿಸಿತ್ತು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಬಿಡದಂತೆ ತಡೆಯುವುದು ಅದರ ಆಶಯ. ಎರಡೂ ಶ್ಲಾಘನೀಯ ಯೋಜನೆಗಳು. ಆದರೆ ಎಡಗೈಯಲ್ಲಿ ಸೈಕಲ್ ಕೊಟ್ಟು, ಬಲಗೈಯಲ್ಲಿ ದಂಡದ ರಸೀದಿ ಹರಿದು ಕೊಟ್ಟರೆ ಲೆಕ್ಕ ಸರಿಹೋಗುವುದಾದರೂ ಹೇಗೆ? ಸಾರ್ವಜನಿಕರ ಹಣದಿಂದ ಕೊಂಡ ವಸ್ತುವಿಗೆ ಸಾರ್ವಜನಿಕ ರಸ್ತೆಯಲ್ಲಿ ಸ್ಥಳವಿಲ್ಲವೆಂದರೆ ಖರ್ಚು ಮಾಡಿದ ಹಣವೇ ಅರ್ಧ ವ್ಯರ್ಥವಾದಂತೆ.

ಹಾಗಾದರೆ ಹಣವಿಲ್ಲವೇ? ಇದೆ. ಜನರನ್ನು ಸಾಗಿಸುವುದು ಮುಖ್ಯ, ವಾಹನಗಳನ್ನಲ್ಲ ಎಂದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ ಸಾರಿತ್ತು. ಸೈಕಲ್ ಪಥ ಮತ್ತು ಪಾದಚಾರಿ ಮಾರ್ಗಗಳಿಗೆ ಆದ್ಯತೆ ಎಂದೂ ಅದು ಹೇಳಿತ್ತು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕೋಲ್ಕತಾವೂ ಸೇರಿದೆ. ಆದರೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ನಡೆಸಿದ ಪರಿಶೀಲನೆಯಂತೆ, ದೇಶದಾದ್ಯಂತ ಈ ಕಾರ್ಯಕ್ರಮದ ನಿಧಿಯಲ್ಲಿ ಸುಮಾರು ಶೇ. 64 ಭಾಗ ರಸ್ತೆ ಧೂಳು ನಿಯಂತ್ರಣಕ್ಕೇ ಹೋಗಿದೆ. ವಾಹನಗಳ ಹೊಗೆ ತಗ್ಗಿಸಲು ಖರ್ಚಾದದ್ದು ಶೇ. 13ಕ್ಕಿಂತ ಕಡಿಮೆ. ನೀರು ಚಿಮುಕಿಸಿದರೆ ಧೂಳು ಒಂದು ಗಳಿಗೆ ಕೂರುತ್ತದೆ. ಹೊಗೆಯೇ ಉಗುಳದ ಸೈಕಲಿಗೆ ಹಾದಿ ಮಾಡಿದರೆ ಲಾಭ ಹತ್ತಾರು ವರ್ಷ ಉಳಿಯುತ್ತದೆ. ಇದನ್ನು ತಿಳಿಯಲು ದೊಡ್ಡ ಅರ್ಥಶಾಸ್ತ್ರ ಬೇಕಿಲ್ಲ, ಮನೆಯ ಜಮಾಖರ್ಚು ಬರೆಯುವ ಗೃಹಿಣಿಗೂ ಗೊತ್ತಾಗುವ ವಿಷಯವಿದು.

ಹಾಗೆಂದು ಹಣ ಸುರಿದ ಮಾತ್ರಕ್ಕೆ ಕೆಲಸವಾಗದು ಎಂಬುದಕ್ಕೂ ಸಾಕ್ಷಿಗಳಿವೆ. ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದಲ್ಲಿ 2011ರಲ್ಲಿ ಕೋಟ್ಯಂತರ ರೂಪಾಯಿ ವೆಚ್ಚದ ಸೈಕಲ್ ಪಥ ಬಂತು, ಕೆಲವೇ ಕಾಲದಲ್ಲಿ ಕಾರುಗಳ ತಂಗುದಾಣವಾಯಿತು. ಬೆಂಗಳೂರಿನ ಜಯನಗರದ ಸೈಕಲ್ ಪಥಕ್ಕೂ ಅದೇ ಗತಿಯಾಯಿತು. ಕಟ್ಟುವುದಕ್ಕೆ ಒಮ್ಮೆ ಬಂಡವಾಳ ವೆಚ್ಚ ಎಂದು ಹಣ ಬರುತ್ತದೆ, ಉದ್ಘಾಟನೆಗೆ ನಾಯಕರೂ ಬರುತ್ತಾರೆ. ಮುಂದಿನ ವರ್ಷ ಮುರಿದ ಚಪ್ಪಡಿ ಕೂಡಿಸಲು ನಿರ್ವಹಣೆಯ ಬಾಬ್ತಿನಲ್ಲಿ ಕಾಸಿರುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಚರಂಡಿ, ಕೇಬಲ್, ನೀರಿನ ಕೊಳವೆಗಳನ್ನೆಲ್ಲ ಮೊದಲೇ ಯೋಜಿಸಿ, ಅದರ ಮೇಲೆ ಅಗಲವಾದ ಸಮತಟ್ಟು ಫುಟ್‌ಪಾತ್ ಮಾಡಲಾಯಿತು. ಖರ್ಚು ಹೆಚ್ಚೆಂಬ ಟೀಕೆ ಬಂದರೂ ರೆಸಿಡೆನ್ಸಿ ರಸ್ತೆಯಲ್ಲಿ ನಡೆದವರಿಗೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಪಾಲಿಕೆ, ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ಮತ್ತು ಜಾಗತಿಕ ಪರಿಸರ ನಿಧಿಯ ನೆರವಿನಿಂದ 450 ಸೈಕಲ್‌ಗಳ 'ಟ್ರಿಣ್ ಟ್ರಿಣ್' ಆರಂಭವಾಯಿತು. ಮೂರು ಕಡೆಯ ಹಣ ಒಂದು ಕೆಲಸಕ್ಕೆ ಕೂಡಿಬರಬಹುದು ಎಂಬುದಕ್ಕೆ ಅದು ನಮ್ಮ ನಾಡಿನದೇ ನಿದರ್ಶನ.

ಕೋಲ್ಕತಾದಲ್ಲಿ ಜಾಗವೆಲ್ಲಿದೆ ಎಂಬ ಪ್ರಶ್ನೆ ಸಹಜ. ನಗರದ ವಿಸ್ತೀರ್ಣದಲ್ಲಿ ರಸ್ತೆಗಳ ಪಾಲು ಶೇ. 6ರಷ್ಟು ಮಾತ್ರ ಎಂಬ ಲೆಕ್ಕ ಬಹುಕಾಲದಿಂದ ಪ್ರಚಲಿತದಲ್ಲಿದೆ. ಆದರೆ ಜಾಗ ಕಡಿಮೆಯಿದ್ದಲ್ಲಿ ಒಬ್ಬರೇ ಕೂತ ಕಾರಿಗಿಂತ ಸೈಕಲಿಗೆ ಮತ್ತು ಕಾಲ್ನಡಿಗೆಗೆ ಆದ್ಯತೆ ಸಿಗುವುದೇ ಲೆಕ್ಕಾಚಾರಕ್ಕೆ ಒಪ್ಪುವ ಮಾತು. ಬೀದಿ ವ್ಯಾಪಾರಿಗಳನ್ನು ಓಡಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೂ ಇದ್ದಾರೆ. 1996ರ 'ಆಪರೇಷನ್ ಸನ್‌ಶೈನ್' ಆ ದಾರಿ ಹಿಡಿದು ಸೋತಿತು, ತೆರವಾದ ಅಂಗಡಿಗಳು ಮರಳಿ ಬಂದವು. ಅವರದೂ ಹೊಟ್ಟೆಪಾಡು. ಫುಟ್‌ಪಾತಿನ ಮೂರನೇ ಒಂದು ಭಾಗ ವ್ಯಾಪಾರಿಗೆ, ಉಳಿದ ಎರಡು ಭಾಗ ಪಾದಚಾರಿಗೆ ಎಂಬ ನಿಯಮ ಕೋಲ್ಕತಾದಲ್ಲಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯೂ ಇದೆ. ಇವುಗಳನ್ನು ಪ್ರಾಮಾಣಿಕವಾಗಿ ಜಾರಿಗೆ ತಂದರೆ ಸಾಕು.

ಇಲ್ಲಿ ಕನ್ನಡ ಸಂಘಗಳ ಪಾತ್ರವೇನು ಎಂದು ಕೆಲವರು ಕೇಳಬಹುದು. ರಾಜ್ಯೋತ್ಸವ, ಯಕ್ಷಗಾನ, ಪ್ರತಿಭಾ ಪುರಸ್ಕಾರ ನಡೆಸುವ ಸಂಘಕ್ಕೆ ಚರಂಡಿ ಚಪ್ಪಡಿಯ ಉಸಾಬರಿ ಏಕೆ? ಉತ್ತರ ಸರಳ. ದುಡಿದು ಉಂಡ ನೆಲದ ಋಣ ಎಲ್ಲರ ಮೇಲೂ ಇದೆ. ಹೊರಗಿನಿಂದ ಬಂದವರು ತೆರಿಗೆ ಕಟ್ಟುವಾಗ ಸ್ಥಳೀಯರು, ಸೌಲಭ್ಯ ಕೇಳುವಾಗ ಮಾತ್ರ ಪರಕೀಯರು ಎಂದು ತಮ್ಮನ್ನು ತಾವೇ ಭಾವಿಸಿಕೊಳ್ಳುವುದು ಸಲ್ಲದು.

ಮಾಡಬೇಕಾದದ್ದು ಅಸಾಧ್ಯವಾದುದೇನಲ್ಲ. ಮೊದಲು, ಸದಸ್ಯರು ತಮ್ಮ ಮನೆಯಿಂದ ಬಸ್ ನಿಲ್ದಾಣ, ಮೆಟ್ರೋ ಅಥವಾ ಮಾರುಕಟ್ಟೆಯವರೆಗಿನ ಒಂದು ದಾರಿಯನ್ನು ಟೇಪ್ ಹಿಡಿದು ಅಳೆಯಲಿ. ಫುಟ್‌ಪಾತಿನಲ್ಲಿ ಅಡೆತಡೆ ಇಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕು, ಎತ್ತರ 150 ಮಿ.ಮೀ. ಮೀರಬಾರದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಹೇಳುತ್ತದೆ. ಎಲ್ಲಿ ಎಷ್ಟು ಕೊರತೆ ಎಂದು ಬರೆದಿಡಲಿ. ಎರಡನೆಯದಾಗಿ, ಆ ಪಟ್ಟಿಯನ್ನು ಬಂಗಾಳಿಯಲ್ಲಿ ಬರೆಸಿ, ನೆರೆಯ ಬಂಗಾಳಿ ಪಾಡಾ ಕ್ಲಬ್ಬಿನವರ ಸಹಿಯನ್ನೂ ಸೇರಿಸಿ, ಪಾಲಿಕೆಯ ವಾರ್ಡ್ ಪ್ರತಿನಿಧಿಗೆ ಬಜೆಟಿನ ಸಿದ್ಧತೆಗೆ ಮೊದಲೇ ಒಪ್ಪಿಸಲಿ. ಬಜೆಟ್ ಮಂಡನೆಯಾದ ಮೇಲೆ ಕೊಟ್ಟ ಅರ್ಜಿ ಕಡತದಲ್ಲೇ ಉಳಿಯುತ್ತದೆ. ಮೂರನೆಯದಾಗಿ, ಪ್ರತಿ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂ. ಕ್ಷೇತ್ರಾಭಿವೃದ್ಧಿ ನಿಧಿ ನಿಗದಿಯಾಗಿದೆ, ಶಾಸಕರಿಗೂ ಪ್ರತ್ಯೇಕ ನಿಧಿ ಇದೆ. ಅದರಿಂದ ನಡೆದಾಡುವವರಿಗಾಗಿ ಏನು ಖರ್ಚಾಗಿದೆ ಎಂದು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಯಾರು ಬೇಕಾದರೂ ಕೇಳಬಹುದು. ಕೊನೆಯದಾಗಿ, ತಂತಮ್ಮ ಕಾರು, ಸ್ಕೂಟರುಗಳನ್ನು ಫುಟ್‌ಪಾತಿನ ಮೇಲೆ ನಿಲ್ಲಿಸುವ ಅಭ್ಯಾಸವನ್ನು ಸದಸ್ಯರು ಬಿಡಲಿ. ಇದಕ್ಕೆ ಯಾವ ಬಜೆಟ್ಟೂ ಬೇಡ.

ಪಾಲಿಕೆ ಮತ್ತು ರಾಜ್ಯ ಸರಕಾರ ಕೂಡ ರಸ್ತೆ ಅಭಿವೃದ್ಧಿ ಎಂಬ ಒಂದೇ ಶೀರ್ಷಿಕೆಯಡಿ ಎಲ್ಲವನ್ನೂ ತುರುಕದೆ, ಫುಟ್‌ಪಾತ್ ಹಾಗೂ ಸೈಕಲ್ ಪಥಕ್ಕೆ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯಬೇಕು. ನಿರ್ಮಾಣದಷ್ಟೇ ನಿರ್ವಹಣೆಗೂ ಹಣ ಕಾದಿರಿಸಬೇಕು. ಪ್ರತ್ಯೇಕ ಖಾತೆ ಇಲ್ಲದ ಹಣ ಎಲ್ಲಿ ಹೋಯಿತೆಂದು ಯಾರೂ ಹೇಳಲಾರರು. ಸಂಬಂಧಪಟ್ಟವರು ಇತ್ತ ತುರ್ತಾಗಿ ಗಮನ ಹರಿಸಲಿ. ಬರುವ ಬಜೆಟಿಗೆ ಮುನ್ನ ಕಸ್ಬಾದಿಂದ ಹೊರಡುವ ಅರ್ಜಿಗಳಲ್ಲಿ ಒಂದಾದರೂ ಕನ್ನಡಿಗರದ್ದಾಗಿರಲಿ.