ಕೊಟ್ಟಿಗೆಯ ಸೂಜಿಮದ್ದು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಕರೆದ ಹಾಲು ಬೆಂಗಳೂರಿನ ಮನೆಗಳ ಕಾಫಿಯ ಲೋಟವನ್ನು ಸೇರುತ್ತದೆ. ಆ ಹಾಲಿನ ವಿಷಯವಾಗಿ ಗೃಹಿಣಿಯರನ್ನು ಕಾಡುವ ಭಯವೊಂದುಂಟು: ಇಂಜೆಕ್ಷನ್ ಚುಚ್ಚಿ ಕರೆದ ಹಾಲನ್ನು ಕುಡಿದರೆ ಹೆಣ್ಣುಮಕ್ಕಳು ಬೇಗ ಮೈನೆರೆಯುತ್ತಾರಂತೆ, ನಿಜವೇ?

ಆ ಮದ್ದಿನ ಹೆಸರು ಆಕ್ಸಿಟೋಸಿನ್. ಕರು ಕೆಚ್ಚಲಿಗೆ ಬಾಯಿಟ್ಟೊಡನೆ ಹಸುವಿನ ಮಿದುಳಿನಿಂದ ತಾನಾಗಿ ಹೊರಡುವ ರಸವೇ ಅದು. ಹೆತ್ತ ತಾಯಂದಿರಲ್ಲಿಯೂ ಉಂಟು. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ ಅಮೆರಿಕದ ವಿನ್ಸೆಂಟ್ ದು ವಿನ್ಯೋ ಅವರಿಗೆ 1955ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹೊಟ್ಟೆಗೆ ಹೋದರೆ ಅದು ಅನ್ನದಂತೆ ಜೀರ್ಣವಾಗಿಬಿಡುತ್ತದೆ. ಆದುದರಿಂದ ಮಕ್ಕಳ ವಿಷಯದಲ್ಲಿ ಆ ಭಯಕ್ಕೆ ಆಧಾರ ಸಾಲದು.

ಮರುಗಬೇಕಾದುದು ಹಸುವಿಗಾಗಿ. ಕರು ಸತ್ತ ಹಸು ಸುಲಭವಾಗಿ ಹಾಲಿಳಿಸದು. ಹಿಂದಿನವರು ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಅದರ ಮುಂದೆ ನಿಲ್ಲಿಸುತ್ತಿದ್ದರು. ಸೂಜಿ ಅದಕ್ಕಿಂತ ಸಲೀಸು. ಆದರೆ ಈ ಮದ್ದು ಹಾಲನ್ನು ಹುಟ್ಟಿಸುವುದಿಲ್ಲ, ಕೆಚ್ಚಲಿನಲ್ಲಿರುವುದನ್ನು ಹಿಂಡುತ್ತದೆ, ಅಷ್ಟೆ. ದಿನವೂ ಚುಚ್ಚಿಸಿಕೊಂಡ ಹಸು ಸೂಜಿಯಿಲ್ಲದೆ ಹಾಲಿಳಿಸುವುದನ್ನೇ ಮರೆಯತೊಡಗುತ್ತದೆ.

ವೈದ್ಯರ ಚೀಟಿಯಿಲ್ಲದೆ ಇದನ್ನು ಮಾರುವಂತಿಲ್ಲ. ಆದರೂ ಕಳ್ಳದಾರಿಯಲ್ಲಿ ಕೊಟ್ಟಿಗೆ ಸೇರುತ್ತಿದೆಯೆಂದು ಕೇಂದ್ರ ಸರ್ಕಾರವು 2018ರ ಏಪ್ರಿಲ್‌ನಲ್ಲಿ ದೇಶದ ಬಳಕೆಗಾಗಿ ಖಾಸಗಿಯವರು ಇದನ್ನು ತಯಾರಿಸುವುದನ್ನೇ ನಿಷೇಧಿಸಿತು. ಇಡೀ ದೇಶದ ಹೊರೆ ಬಿದ್ದುದು ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಎಂಬ ಸರ್ಕಾರಿ ಕಂಪನಿಯ ಮೇಲೆ. ಕನ್ನಡಿಗರು ಹೆಮ್ಮೆಪಡಬಹುದಾಗಿತ್ತು, ಆದರೆ ಹೆರಿಗೆಯಾದೊಡನೆ ಬಾಣಂತಿಯ ರಕ್ತಸ್ರಾವವನ್ನು ತಡೆಯುವುದೂ ಇದೇ ಮದ್ದು. ಅಲ್ಲಿ ನಿಮಿಷಗಳ ಲೆಕ್ಕ. ಒಂದೇ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟರೆ ಹೆರಿಗೆ ಕೋಣೆಯಲ್ಲಿರುವ ದಾದಿ ಏನು ಮಾಡಬೇಕು? ಆ ವರ್ಷದ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟು ನಿಷೇಧವನ್ನು ರದ್ದುಪಡಿಸಿತು. ಮೇಲ್ಮನವಿಯನ್ನು ಸುಪ್ರೀಂ ಕೋರ್ಟು 2019ರಲ್ಲಿ ಹಿರಿಯ ಪೀಠಕ್ಕೆ ಒಪ್ಪಿಸಿತು.

ಹೈಕೋರ್ಟಿನ ತೀರ್ಪೇ ಸರಿಯೆಂದು ನನಗೆ ತೋರುತ್ತದೆ. ಕೊಟ್ಟಿಗೆಯ ಕಳ್ಳನನ್ನು ಹಿಡಿಯಲಾರದೆ ಆಸ್ಪತ್ರೆಯ ಬಾಗಿಲಿಗೆ ಬೀಗ ಹಾಕುವುದು ಯಾವ ನ್ಯಾಯ? ಹಿಡಿಯುವುದಕ್ಕೆ ಕಾನೂನು ಇಲ್ಲದಿಲ್ಲ. 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ 12ನೆಯ ಕಲಮಿನಂತೆ, ಹಾಲು ಹೆಚ್ಚಿಸಲೆಂದು ಹಸುವಿನ ಆರೋಗ್ಯ ಕೆಡುವಂತೆ ಯಾವುದೇ ವಸ್ತುವನ್ನು ಚುಚ್ಚಿದವನಿಗೆ ಎರಡು ವರ್ಷದವರೆಗೆ ಸೆರೆ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿಯೆಂದರೆ ಒಳ್ಳೆಯ ಸೀಮೆಹಸುವಿನ ಕೆಲವೇ ದಿನದ ಹಾಲಿನ ಹಣ!