ಗಾಜಿನ ಭರಣಿಯಲ್ಲಿದ್ದ ಮನೆಗಳು

ಮಕ್ಕಳೇ, ದಸರಾ ರಜೆಯಲ್ಲಿ ಒಂದೇ ದಿನದಲ್ಲಿ ಹೋಗಿ ಬರುವಂಥ ಜಾಗ ಹೇಳಿ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಜ್ವಾಲಾಮುಖಿ ನೋಡಿ ಬನ್ನಿ ಎಂದರೆ ಈ ಅಜ್ಜನಿಗೆ ಅರಳುಮರಳು ಎನ್ನುತ್ತೀರೋ ಏನೋ! ಆದರೆ ನಿಜ. ಉಡುಪಿ ಹತ್ತಿರದ ಮಲ್ಪೆಯಲ್ಲಿ ದೋಣಿ ಹತ್ತಿದರೆ, ಸ್ವಲ್ಪ ಹೊತ್ತಿನಲ್ಲೇ ಲಾವಾದಿಂದಾದ ಬಂಡೆಯ ಮೇಲೆ ಕಾಲಿಡಬಹುದು. ಹೆದರಬೇಡಿ, ಅದು ಆರಿ ಸುಮಾರು 8.8 ಕೋಟಿ ವರ್ಷಗಳಾಗಿವೆ.

ಸೇಂಟ್ ಮೇರೀಸ್ ದ್ವೀಪ ಅದರ ಹೆಸರು. ಊರಿನವರಿಗೆ ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಈ ಹೆಸರಿಟ್ಟ ಎಂಬ ಮಾತಿದೆ. ಕಳೆದ ಡಿಸೆಂಬರಿನಲ್ಲಿ ನಾನು, ನಮ್ಮ ಮನೆಯ ಅಜ್ಜಿ, ಐದನೇ ತರಗತಿಯ ಮೊಮ್ಮಗಳು ಅಲ್ಲಿಗೆ ಹೋಗಿದ್ದೆವು. ಕಾರು ಬೇಡ ಎಂದವಳು ಅವಳೇ. ಉಡುಪಿಯಿಂದ ಮಲ್ಪೆಗೆ ಸಿಟಿ ಬಸ್ಸು ಬೇಕಾದಷ್ಟಿವೆ. ಬುತ್ತಿಗೆ ಅಜ್ಜಿ ಹಲಸಿನೆಲೆಯ ಕೊಟ್ಟೆ ಕಡುಬು ಮಾಡಿದ್ದಳು, ಸ್ಟೀಲ್ ತೂಕಿನಲ್ಲಿ ಮಜ್ಜಿಗೆ. ಪ್ಲಾಸ್ಟಿಕ್ಕಿನ ಒಂದು ಚೂರೂ ಇರಲಿಲ್ಲ. ತಿಂದಾದ ಮೇಲೆ ಎಲೆಗಳನ್ನೂ ಚೀಲಕ್ಕೆ ತುಂಬಿ ಮನೆಗೇ ತಂದೆವು.

ಮಲ್ಪೆ ಬಂದರಿನಲ್ಲಿ ತಲೆ ಎತ್ತಿ ನೋಡಲು ಮರೆಯಬೇಡಿ. ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆಯ ಗರುಡಗಳು ಮೀನಿನ ದೋಣಿಗಳ ಮೇಲೆ ಸುತ್ತುತ್ತಿರುತ್ತವೆ. ಚಳಿಗಾಲದಲ್ಲಿ ಕಡಲಕ್ಕಿಗಳೂ ದೋಣಿಯ ಹಿಂದೆ ಬರುತ್ತವೆ. ಅವಕ್ಕೆ ಚಿಪ್ಸ್ ಎಸೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಕ್ಕೆ ಮೀನು ಹಿಡಿಯಲು ಬರುವುದಿಲ್ಲವೇ?

ದ್ವೀಪದಲ್ಲಿ ಇಳಿದ ಕೂಡಲೇ ಮೊಮ್ಮಗಳು ಕೇಳಿದಳು, "ಅಜ್ಜಾ, ಈ ಕಂಬಗಳನ್ನು ಯಾರು ಕಡಿದದ್ದು?"

ಯಾರಿಗೂ ಹಾಗೇ ಅನ್ನಿಸುತ್ತದೆ. ದೇವಸ್ಥಾನಕ್ಕೆಂದು ಕೆತ್ತಿ ಅರ್ಧಕ್ಕೇ ಬಿಟ್ಟುಹೋದಂತೆ ಸಾಲು ಸಾಲು ಕಲ್ಲಿನ ಕಂಬಗಳು. ಬಹಳಷ್ಟಕ್ಕೆ ಆರು ಮೂಲೆ, ಕೆಲವಕ್ಕೆ ಐದು, ಏಳು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಕೆಸರು ಒಣಗಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ? ಇದೂ ಹಾಗೆಯೇ. ಕುದಿಯುವ ಲಾವಾ ಮೆಲ್ಲಗೆ ಆರುವಾಗ ಕುಗ್ಗುತ್ತದೆ. ಕುಗ್ಗಿದಾಗ ಮೇಲೆ ಬಿರುಕು ಬಿಡುತ್ತದೆ. ಒಳಗೆ ತಣ್ಣಗಾಗುತ್ತಾ ಹೋದಂತೆ ಬಿರುಕೂ ಕೆಳಕ್ಕೆ ಇಳಿಯುತ್ತದೆ. ಉಳಿದದ್ದು ಕಂಬ. ಆಗ ಹಿಮಾಲಯ ಹುಟ್ಟಿರಲಿಲ್ಲ, ಡೈನೋಸಾರುಗಳು ಓಡಾಡುತ್ತಿದ್ದವು. ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಕಾಲದಲ್ಲಿ ನೆಲ ಬಿರಿದು ಉಕ್ಕಿದ ಲಾವಾ ಇದು. ಅದೇ ಕಾಲದ ಲಾವಾ ಮಡಗಾಸ್ಕರಿನಲ್ಲೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಇಂಥ ಕಲ್ಲಿನ ಮೇಲೂ ಹೆಸರು ಗೀಚುವವರಿಗೆ ಏನು ಹೇಳುವುದು!

ನಾನು ಹೇಳಬೇಕೆಂದದ್ದು ಇದಲ್ಲ, ಚಿಪ್ಪಿನ ವಿಷಯ. ದ್ವೀಪದ ದಂಡೆಯಲ್ಲಿ ಮರಳಿಗಿಂತ ಚಿಪ್ಪೇ ಹೆಚ್ಚೇನೋ ಅನ್ನಿಸುತ್ತದೆ. ಮೊಮ್ಮಗಳು ಒಂದು ಪುಟ್ಟ ಶಂಖವನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಶಂಖ ಅಲುಗಿತು! ಒಳಗಿಂದ ಕೆಂಪು ಕಾಲು ಹೊರಬಂತು. ಅವಳು ಕಿರುಚಿದ್ದಕ್ಕೆ ಅಜ್ಜಿ ಓಡಿ ಬಂದಳು.

ಅದು ಸನ್ಯಾಸಿ ಏಡಿ. ಇದರ ಹಿಂಭಾಗ ಬಲು ಮೃದು, ಗಟ್ಟಿ ಹೊದಿಕೆ ಇಲ್ಲ. ಹಾಗಾಗಿ ಸತ್ತ ಹುಳುವಿನ ಖಾಲಿ ಶಂಖದೊಳಗೆ ಸೇರಿಕೊಳ್ಳುತ್ತದೆ. ಮೈ ಬೆಳೆದಂತೆ ಮನೆ ಸಾಲದು, ದೊಡ್ಡ ಶಂಖ ಹುಡುಕಬೇಕು. ಸಿಗದಿದ್ದರೆ ಬಾಟಲಿಯ ಮುಚ್ಚಳದೊಳಗೆ ನುಗ್ಗುವುದೂ ಉಂಟು. ಇಷ್ಟೆಲ್ಲ ಹೇಳಿ ಮುಗಿಸಿದಾಗ ಅವಳು ಅದನ್ನು ಮೆಲ್ಲಗೆ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಹಾಗಾದರೆ ನಮ್ಮ ಜಗಲಿಯ ಭರಣಿಯಲ್ಲಿರುವುದು?"

ನಾನು ಸುಮ್ಮನಾದೆ. ನಮ್ಮ ಜಗಲಿಯ ಕಪಾಟಿನಲ್ಲಿ ಒಂದು ಗಾಜಿನ ಭರಣಿ ಇದೆ. ಕಾಲೇಜಿನ ದಿನಗಳಲ್ಲಿ ಇದೇ ದ್ವೀಪದಿಂದ ಜೇಬು ತುಂಬ ತಂದ ಶಂಖಗಳು. ಬಿದ್ದದ್ದು ಯಾರದ್ದೂ ಅಲ್ಲ ಎಂದು ಆಗ ತಿಳಿದಿದ್ದೆ. ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಲೂ ಇದ್ದೆ.

ಮನೆಗೆ ಬಂದ ಮೇಲೆ ಅವಳು ಭರಣಿಯನ್ನು ಚಾಪೆಯ ಮೇಲೆ ಸುರಿದು ಕುಳಿತಳು. ಅರ್ಧಕ್ಕರ್ಧ ಶಂಖಗಳಿಗೆ ನಾನು ವಾರ್ನಿಷ್ ಬಳಿದಿದ್ದೆ, ಅವನ್ನು ಸಮುದ್ರಕ್ಕೆ ಹಾಕುವಂತಿಲ್ಲ. ಒಳ್ಳೆಯವು 19 ಸಿಕ್ಕವು.

ಮಳೆಗಾಲದಲ್ಲಿ ಅಲ್ಲಿಗೆ ದೋಣಿ ಬಿಡುವುದಿಲ್ಲ. ಹೋಗುವ ಮುಂಚೆ ನೀವೂ ವಿಚಾರಿಸಿಕೊಳ್ಳಿ. ಕಂಬಗಳ ಬಳಿ ಪಾಚಿ ಜಾರುತ್ತದೆ, ಅಲೆಯ ಸೆಳೆತವೂ ಜೋರು, ಈಜಲು ಇಳಿಯಬೇಡಿ. ಮಂಡಿನೋವಿನ ಅಜ್ಜ ಅಜ್ಜಿಯರು ದೋಣಿಯಿಂದ ಇಳಿಯುವಾಗ ಯಾರದಾದರೂ ಕೈ ಹಿಡಿದುಕೊಳ್ಳಿ.

ಆ 19 ಶಂಖಗಳು ಈಗ ಅವಳ ಟಿಫಿನ್ ಡಬ್ಬಿಯಲ್ಲಿವೆ. ದೋಣಿ ಶುರುವಾಯಿತೇ ಎಂದು ದಿನಕ್ಕೊಮ್ಮೆ ಕೇಳುತ್ತಾಳೆ.